ಫಿನಾಮಿನಾಲಜಿಯಲ್ಲಿ ಮಾತು ಮತ್ತು ವಿಚಾರ

ಏಕಾಂತದಲ್ಲಿ ಚಿಂತಿಸುವವನು ತನಗೆ ತಾನೇ ಏನನ್ನೂ ತಿಳಿಸಬೇಕಾಗಿಲ್ಲವೆಂದು ಜರ್ಮನಿಯ ಹುಸರ್ಲನು ೧೯೦೦-೦೧ರಲ್ಲಿ ವಾದಿಸಿದನು. ಆಡಿದ ಶಬ್ದ ಅಳಿದರೂ ಅರ್ಥ ಅಳಿಯದೆಂಬುದು ಅವನ ನಿಲುವು. ಆದರೆ ೧೯೩೬ರಲ್ಲಿ ರೇಖಾಗಣಿತದ ಮೂಲವನ್ನು ಕುರಿತು ಬರೆಯುವಾಗ ಅದೇ ಹುಸರ್ಲನು, ಒಬ್ಬನಿಗೆ ಹೊಳೆದ ಸತ್ಯವು ಎಲ್ಲರ ಸೊತ್ತಾಗಲು ಭಾಷೆ, ಅದರಲ್ಲಿಯೂ ಬರವಣಿಗೆ, ಬೇಕೇಬೇಕೆಂದನು. ೧೯೩೮ರಲ್ಲಿ ಅವನು ತೀರಿಕೊಂಡ ಮೇಲೆ ವಾನ್ ಬ್ರೆಡಾ ಎಂಬ ಪಾದ್ರಿಯು ನಾಜಿಗಳ ಕಣ್ಣು ತಪ್ಪಿಸಿ ಬೆಲ್ಜಿಯಮ್ಮಿಗೆ ಸಾಗಿಸಿದ ನಲವತ್ತು ಸಾವಿರ ಶೀಘ್ರಲಿಪಿಯ ಪುಟಗಳೇ (ಬೇರೆ ಸಾಕ್ಷಿ ಬೇಕೆ!) ಆ ಮಾತಿಗೆ ಸಾಕ್ಷಿ. ೧೯೩೯ರಲ್ಲಿ ಅವುಗಳನ್ನು ನೋಡಲು ಫ್ರಾನ್ಸಿನಿಂದ ಬಂದ ಮೆರ್ಲೊ-ಪಾಂಟಿಯು ಇನ್ನೂ ಮುಂದೆ ಹೋದನು. ಮಾತು ಸಿದ್ಧವಾದ ವಿಚಾರಕ್ಕೆ ತೊಡಿಸಿದ ಅಂಗಿಯಲ್ಲ, ಆಡುವುದರಲ್ಲಿಯೇ ವಿಚಾರವು ಪೂರ್ತಿಯಾಗುತ್ತದೆ ಎಂಬುದು ಅವನ ೧೯೪೫ರ ಗ್ರಂಥದ ವಾದ.

“ಗೊತ್ತುಂಟು ಮಾಷ್ಟ್ರೆ, ಹೇಳಲಿಕ್ಕೆ ಬರುವುದಿಲ್ಲ” ಎಂದ ಹುಡುಗರನ್ನು ಎಷ್ಟೋ ವರ್ಷ ಸೋಮಾರಿಗಳೆಂದು ಗದರಿದ್ದೇನೆ. ಅವರಿಗೆ ಗೊತ್ತಾಗುವ ಕೆಲಸವೇ ಅರ್ಧದಲ್ಲಿತ್ತು. ಹೇಳಿಸುತ್ತ ಕೂರಬೇಕಾದವನು ನಾನಾಗಿದ್ದೆ.