ಒಂದು ಮಿಲಿಮೀಟರ್ ಜಗಳ

ಮದಲೂರು ಕೆರೆ ಏರಿಯ ಮೇಲೆ ನಿಂತು ನನ್ನ ಸೋದರಮಾವ ತೆಗೆದ ಒಂದು ಕಪ್ಪು-ಬಿಳುಪು ಫೋಟೊ ನನ್ನ ಹತ್ತಿರ ಇದೆ. ಕೆರೆಯಲ್ಲಿ ನೀರಿಲ್ಲ. ಬಿರುಕುಬಿಟ್ಟ ಅಂಗಳ, ಸೀಮೆಜಾಲಿ, ನಡುವೆ ಒಂದು ಕುರಿಮಂದೆ. ಶಿರಾ ಸೀಮೆಯವರಿಗೆ ಇದರಲ್ಲಿ ಹೊಸದೇನೂ ಕಾಣದು. ನನಗೆ ವಿಶೇಷ ಅನ್ನಿಸುವುದು ಫೋಟೊದ ಬೆನ್ನು. ಅಲ್ಲಿ ಮಾವ ಪೆನ್ಸಿಲಿನಲ್ಲಿ ಊರು, ತಿಂಗಳು ಬರೆದು ಕೆಳಗೆ ‘ಯಾಷಿಕಾ ಎಫ್‌ಎಕ್ಸ್-3’ ಅಂತ ಬರೆದಿದ್ದಾರೆ. ತಮ್ಮ ಹೆಸರು ಬರೆದಿಲ್ಲ.

ಆ ಕಾಲಕ್ಕೆ ಕ್ಯಾಮೆರಾ ಆರಿಸಿಕೊಳ್ಳುವುದು ಅಂತ ಒಂದು ಕೆಲಸವೇ ಇರಲಿಲ್ಲ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಡಬ್ಬಿ ಸಿಗುತ್ತಿತ್ತು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೀಲು ಸಿಗುತ್ತಿತ್ತು. ಲೆನ್ಸ್ ಬಿಚ್ಚಿ ಹಾಕುವಂಥ ಜಪಾನಿ ಕ್ಯಾಮೆರಾ ಬೇಕೆಂದರೆ ಆಮದು ಸುಂಕದ ಗೋಡೆ. ಗಲ್ಫಿನಿಂದ ಬರುವ ನೆಂಟರು ಯಾವುದನ್ನು ತಂದರೋ ಅದೇ ನಮ್ಮ ಬ್ರ್ಯಾಂಡು. ಮಾವನಿಗೆ ಯಾಷಿಕಾ ಬಂತು, ಅವರು ಯಾಷಿಕಾದವರಾದರು. ಕುಲದೇವರನ್ನು ಯಾರೂ ಆರಿಸಿಕೊಳ್ಳುವುದಿಲ್ಲವಲ್ಲ, ಹಾಗೆ.

ಆದರೆ ಒಮ್ಮೆ ಒಕ್ಕಲಾದ ಮೇಲೆ ಅವರು ಕಾರಣಗಳನ್ನು ಕೂಡಿಸಿಕೊಂಡರು. ದೊಡ್ಡ ಕಾರಣ ಜರ್ಮನಿಯ ಕಾರ್ಲ್ ಜೈಸ್. 1970ರ ದಶಕದಲ್ಲಿ ಯಾಷಿಕಾ ಮತ್ತು ಜೈಸ್ ಒಪ್ಪಂದ ಮಾಡಿಕೊಂಡು ಕಾಂಟ್ಯಾಕ್ಸ್ ಕ್ಯಾಮೆರಾಗಳನ್ನು ತಂದವು; ಅವಕ್ಕೂ ಯಾಷಿಕಾಕ್ಕೂ ಒಂದೇ ಮೌಂಟ್. ಮೌಂಟ್ ಎಂದರೆ ಲೆನ್ಸು ಕ್ಯಾಮೆರಾಕ್ಕೆ ಸಿಕ್ಕಿಕೊಳ್ಳುವ ಲೋಹದ ಬಳೆ. ಹಾಗಾಗಿ ಮಾವನ ಬಡ ಯಾಷಿಕಾಕ್ಕೆ ಜೈಸ್ ಲೆನ್ಸನ್ನು ಹಾಕಬಹುದಿತ್ತು. “ಜೈಸ್ ಕೂರುತ್ತೆ ಕಣೋ ಇದಕ್ಕೆ” ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಹತ್ತಿರ ಇದ್ದದ್ದು ಕ್ಯಾಮೆರಾ ಜೊತೆ ಬಂದ 50 ಮಿ.ಮೀ. ಲೆನ್ಸ್ ಒಂದೇ. ಜೈಸ್ ಅವರ ಮನೆಗೆ ಯಾವತ್ತೂ ಬರಲಿಲ್ಲ.

ನಾನು ಫೋಟೊ ತೆಗೆಯಲು ಕಲಿತದ್ದು ಆ ಯಾಷಿಕಾದಲ್ಲೇ. ತುಮಕೂರಿನಲ್ಲಿ ಓದುವಾಗ ಸ್ವಂತದ್ದು ಕೊಳ್ಳುವಷ್ಟು ದುಡ್ಡು ಸೇರಿತು. ತೇಜಸ್ವಿಯವರನ್ನು ಓದಿ ಹಕ್ಕಿಗಳ ಹಿಂದೆ ಬಿದ್ದಿದ್ದ ಕಾಲ ಅದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಅಲ್ಲಿಗೆ ಉದ್ದ ಲೆನ್ಸ್ ಬೇಕು, ಕೊಳ್ಳುವ ತಾಕತ್ತಿಲ್ಲ. ನನಗಿಂತ ಹಿರಿಯ ಗೆಳೆಯರೊಬ್ಬರಲ್ಲಿ 300 ಮಿ.ಮೀ. ಇತ್ತು, ಅದು ನಿಕಾನ್‌ದು. ಎರವಲು ಲೆನ್ಸಿನ ಆಸೆಗೆ ನಾನು ನಿಕಾನ್ ಎಫ್‌ಎಂ10 ಕೊಂಡೆ. ಬ್ರ್ಯಾಂಡ್ ನಿಷ್ಠೆಯ ಬಗ್ಗೆ ಯಾರು ಏನೇ ಹೇಳಲಿ, ಹವ್ಯಾಸಿಗಳ ನಿಷ್ಠೆ ಹೆಚ್ಚಾಗಿ ಹುಟ್ಟುವುದು ಹೀಗೇ: ಪಕ್ಕದವನ ಚೀಲದಲ್ಲಿ ಏನಿದೆ ಎಂಬುದರಿಂದ.

ಮಾವ ಕ್ಯಾಮೆರಾ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ನನ್ನ ಲೆನ್ಸನ್ನು ಬಿಚ್ಚಿ, ತಮ್ಮದನ್ನು ಬಾಯಿಗೆ ಹಿಡಿದು ನೋಡಿದರು. ಕೂರಲಿಲ್ಲ. “ಹಂಗಾದ್ರೆ ನನ್ನ ಲೆನ್ಸು ನಿಂಗೆ ಬರಾಕಿಲ್ಲ ಅನ್ನು” ಎಂದರು. ಅಷ್ಟೇ. ಅವರಿಗೆ ನೋವಾಗಿದೆ ಎಂದು ನನಗೆ ಗೊತ್ತಾಗಲು ವರ್ಷಗಳು ಬೇಕಾದವು. ಕೊಡಲು ಅವರಲ್ಲಿದ್ದದ್ದು ಆ ಲೆನ್ಸ್ ಒಂದೇ.

ನಮ್ಮಿಬ್ಬರಿಗೂ ಆಗ ಗೊತ್ತಿಲ್ಲದ ಸಂಗತಿ ಒಂದಿತ್ತು. 1979ರ ಎಫ್‌ಎಕ್ಸ್-3 ಅನ್ನು ಯಾಷಿಕಾಕ್ಕೆ ಮಾಡಿಕೊಟ್ಟದ್ದು ಕೊಸಿನಾ ಎಂಬ ಜಪಾನಿ ಕಂಪನಿ. 1995ರ ಎಫ್‌ಎಂ10 ಅನ್ನು ನಿಕಾನ್‌ಗೆ ಮಾಡಿಕೊಟ್ಟದ್ದೂ ಅದೇ ಕೊಸಿನಾ. ನಾವು ಮಾವ-ಅಳಿಯ ಮುಖ ತಿರುಗಿಸಿಕೊಂಡದ್ದು ಒಂದೇ ತಾಯಿಯ ಎರಡು ಮಕ್ಕಳಿಗಾಗಿ!

ನಿಕಾನ್ ಚರಿತ್ರೆಯನ್ನು ಕೆದಕಿದರೂ ಶುದ್ಧ ವಂಶ ಎಲ್ಲೂ ಸಿಗುವುದಿಲ್ಲ. 1917ರಲ್ಲಿ ನಿಪ್ಪಾನ್ ಕೊಗಾಕು ಎಂದು ಶುರುವಾದ ಕಂಪನಿ 1948ರಲ್ಲಿ ಮೊದಲ ಕ್ಯಾಮೆರಾ ತಂದಾಗ ಅದರ ಹೊರ ಆಕಾರ ಕಾಂಟ್ಯಾಕ್ಸ್‌ನಂತೆ, ಒಳಗಿನ ಶಟರ್ ಲೈಕಾದಂತೆ ಇತ್ತು. ಅದಕ್ಕೆ ಹೆಸರು ತಂದುಕೊಟ್ಟ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ 1950ರ ಕೊರಿಯಾ ಯುದ್ಧಕ್ಕೆ ಹೋದದ್ದು ಲೈಕಾ ಕ್ಯಾಮೆರಾಕ್ಕೆ ನಿಕಾನ್ ಲೆನ್ಸ್ ಸಿಕ್ಕಿಸಿಕೊಂಡು. ಆ ಬಳೆ ಕೂರುತ್ತಿತ್ತು, ಅವರು ಹಾಕಿಕೊಂಡರು.

ಆಮೇಲೆ ಬಂದದ್ದು ಬಳೆಗಳ ರಾಜಕೀಯ. ನಿಕಾನ್ 1959ರಲ್ಲಿ ಎಫ್ ಮೌಂಟ್ ತಂದಿತು. 1980ರ ದಶಕದಲ್ಲಿ ತಾನೇ ಫೋಕಸ್ ಮಾಡುವ ಕ್ಯಾಮೆರಾಗಳು ಬಂದಾಗ ಎಲ್ಲ ಕಂಪನಿಗಳ ಮುಂದೆ ಒಂದೇ ಪ್ರಶ್ನೆ: ಹಳೆ ಬಳೆ ಉಳಿಸಬೇಕೋ, ಒಡೆಯಬೇಕೋ? ಮಿನೋಲ್ಟಾ 1985ರಲ್ಲಿ ಒಡೆಯಿತು. ಕ್ಯಾನನ್ 1987ರಲ್ಲಿ ಒಡೆದು 54 ಮಿ.ಮೀ. ಅಗಲದ ಹೊಸ ಬಾಯಿ ಮಾಡಿತು. ಹಳೆಯ ಎಫ್‌ಡಿ ಲೆನ್ಸ್‌ಗಳ ಕಂತೆ ಇಟ್ಟುಕೊಂಡಿದ್ದವರು ಒಂದೇ ದಿನದಲ್ಲಿ ಅನಾಥರಾದರು. ನಿಕಾನ್ ಮತ್ತು ಪೆಂಟ್ಯಾಕ್ಸ್ ಉಳಿಸಿಕೊಂಡವು. ಕ್ಯಾನನ್ ಮಾಡಿದ್ದು ದ್ರೋಹ ಅಂತ ನಾನು ಬಹಳ ದಿನ ವಾದಿಸಿದ್ದೇನೆ. ಈಗ ಹಾಗನ್ನಿಸುವುದಿಲ್ಲ. ಮುಂದಿನ ಮೂವತ್ತು ವರ್ಷಕ್ಕೆ ಅದಕ್ಕೆ ಅನುಕೂಲವಾದದ್ದು ಆ ಒಡೆದ ಬಾಯಿಯೇ. ನಿಕಾನ್ 44 ಮಿ.ಮೀ. ಕಿರಿದು ಬಾಯಲ್ಲೇ ಹೆಣಗಿತು. ಆದರೆ ನನ್ನಂಥ ಸಂಬಳದವನಿಗೆ ಆ ಹೆಣಗಾಟವೇ ವರವಾಯಿತು. ಎಫ್‌ಎಂ10 ಜೊತೆ ಬಂದ 35-70 ಲೆನ್ಸನ್ನು ಆಮೇಲೆ ಕೊಂಡ ಡಿಜಿಟಲ್ ಡಿ7000ಕ್ಕೂ ಹಾಕಿ ಮೈದೇನಹಳ್ಳಿಯ ಹುಲ್ಲುಗಾವಲಲ್ಲಿ, ಮಧುಗಿರಿ ಬೆಟ್ಟದ ಬುಡದಲ್ಲಿ ತಿರುಗಿದ್ದೇನೆ.

ಮಾವನ ಕಡೆ ಹಾಗಾಗಲಿಲ್ಲ. ಯಾಷಿಕಾವನ್ನು 1983ರಲ್ಲಿ ಕ್ಯೊಸೆರಾ ನುಂಗಿತ್ತು. 2005ರಲ್ಲಿ ಕ್ಯೊಸೆರಾ ಕ್ಯಾಮೆರಾ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಮರುವರ್ಷ ಕೊನಿಕಾ ಮಿನೋಲ್ಟಾ ಕೂಡ ಕೈತೊಳೆದುಕೊಂಡಿತು. ಶಿರಾದ ಸ್ಟುಡಿಯೋಗಳಲ್ಲಿ ರೀಲು ತೊಳೆಯುವುದು ನಿಂತಿತು. ಎಫ್‌ಎಕ್ಸ್-3 ಬೀರುವಿನಲ್ಲಿ ಅತ್ತೆಯ ರೇಷ್ಮೆ ಸೀರೆಗಳ ಪಕ್ಕ ಸೇರಿತು. ನಾನು ಒಮ್ಮೆ ನನ್ನ ಹಳೆ ನಿಕಾನ್ ಕೊಡಲು ಹೋದೆ. “ಬ್ಯಾಡ ಬಿಡು” ಎಂದರು.

ಆಗ ನನಗೆ ಅವರ ಲೆನ್ಸನ್ನಾದರೂ ಬಳಸಬೇಕು ಅನ್ನಿಸಿತು. ಮೌಂಟ್ ಅಂದರೆ ಬಳೆಯ ಆಕಾರ ಮಾತ್ರವಲ್ಲ, ಬಳೆಯಿಂದ ಫಿಲ್ಮಿನವರೆಗಿನ ದೂರವೂ ಹೌದು. ಯಾಷಿಕಾದಲ್ಲಿ ಅದು 45.5 ಮಿ.ಮೀ., ನಿಕಾನ್‌ನಲ್ಲಿ 46.5. ವ್ಯತ್ಯಾಸ ಒಂದೇ ಮಿಲಿಮೀಟರ್. ನಡುವೆ ಬಳೆ ಹಾಕಿ ಲೆನ್ಸನ್ನು ಮುಂದೆ ತಳ್ಳಬಹುದು, ಹಿಂದೆ ಎಳೆಯಲಾಗದು. ಲೆಕ್ಕ ಹಾಕಿದರೆ 50 ಮಿ.ಮೀ. ಲೆನ್ಸು ಒಂದು ಮಿಲಿಮೀಟರ್ ಮುಂದೆ ಹೋದಾಗ ಎರಡೂವರೆ ಮೀಟರ್ ಆಚೆಗಿನ ಯಾವುದೂ ಸ್ಪಷ್ಟ ಬೀಳುವುದಿಲ್ಲ. ಲೆನ್ಸನ್ನು ಕೈಯಲ್ಲೇ ಒತ್ತಿ ಹಿಡಿದು ಕೆರೆ ಏರಿಯ ಮೇಲೆ ನೋಡಿದೆ. ಕಾಲ ಬುಡದ ಜಾಲಿಮುಳ್ಳು ಚೂಪಾಗಿ ಕಂಡಿತು, ಕೆರೆ ಪೂರ್ತಿ ಮಸುಕು. ಮಾವ ಜೀವಮಾನವೆಲ್ಲ ನೋಡಿದ ಆಚೆ ದಡ ನನ್ನ ನಿಕಾನ್‌ಗೆ ಕಾಣಲೇ ಇಲ್ಲ.

2018ರಲ್ಲಿ ನಿಕಾನ್ ಕೂಡ ಬಳೆ ಒಡೆಯಿತು. ಕನ್ನಡಿ ಇಲ್ಲದ ಝಡ್ ಕ್ಯಾಮೆರಾಗಳಿಗೆ 55 ಮಿ.ಮೀ. ಬಾಯಿ, ಸೆನ್ಸರಿಗೆ ದೂರ ಬರೀ 16 ಮಿ.ಮೀ. ಐವತ್ತೊಂಬತ್ತು ವರ್ಷದ ಸಂಸಾರ ಮುರಿಯಿತು ಎಂದು ಹಳೆ ಒಕ್ಕಲಿನವರು ಗೊಣಗಿದರು; ನಾನೂ ಗೊಣಗಿದೆ, ಆಮೇಲೆ ಕೊಂಡೆ. 16 ಮಿ.ಮೀ. ಎಂದರೆ ನಡುವೆ ಬಳೆ ಕೂರಿಸಲು ಬೇಕಾದಷ್ಟು ಜಾಗ. ಒಂದು ಅಗ್ಗದ ಅಡಾಪ್ಟರ್ ತರಿಸಿ, ಬೀರುವಿನಿಂದ ಮಾವನ ಲೆನ್ಸನ್ನು ಕೇಳಿ ತೆಗೆಸಿದೆ. ಅತ್ತೆ ಅದನ್ನು ಹಳೆ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

ಇಬ್ಬರೂ ಏರಿಗೆ ಹೋದೆವು. 2020ರ ಶಿರಾ ಉಪಚುನಾವಣೆಯಲ್ಲಿ ಹೇಮಾವತಿ ನೀರಿನ ದೊಡ್ಡ ಭರವಸೆ ಸಿಕ್ಕಿದ್ದು ಇದೇ ಕೆರೆಗೆ. ನಾವು ಹೋದ ದಿನ ತಗ್ಗಿನಲ್ಲಿ ಒಂದಿಷ್ಟು ನೀರಿತ್ತು. ಹಳೆ ಫೋಟೊದ ಜಾಗ ಹುಡುಕಿ ನಿಂತು ಕ್ಯಾಮೆರಾ ಕೊಟ್ಟೆ. ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿರುವ ಮಾವ ಬಳೆಯನ್ನು ನಿಧಾನ ತಿರುಗಿಸುತ್ತ ಹೋದರು. ಆಚೆ ದಡ ಬಂತು.

ಮನೆಯಲ್ಲಿ ಫೋಟೊದ ವಿವರ ತೆರೆದು ತೋರಿಸಿದೆ. ಹಳೆ ಲೆನ್ಸಿಗೆ ತನ್ನ ಹೆಸರು ಹೇಳಲು ಬಾಯಿಲ್ಲ. ಕ್ಯಾಮೆರಾ ಎಂಬಲ್ಲಿ ನಿಕಾನ್ ಅಂತಿತ್ತು, ಲೆನ್ಸ್ ಎಂಬಲ್ಲಿ ಖಾಲಿ.

“ಗಾಜು ನಂದು, ಹೆಸರು ಅವರ್ದಾ?” ಎಂದರು ಮಾವ. ಪ್ರಿಂಟು ಹಾಕಿಸಿ ತಂದುಕೊಟ್ಟಾಗ ಬೆನ್ನಿಗೆ ತಿರುಗಿಸಿ, ಪೆನ್ಸಿಲ್ ಕೇಳಿದರು.