ಕೇಳದೆ ಬರುವ ಷೇರು ಸಲಹೆ: ಪೆನ್ನಿ ಷೇರು ಪ್ರಚಾರದ ಒಳಗುಟ್ಟು

ಕೆಲವೇ ರೂಪಾಯಿಗೆ, ಒಮ್ಮೊಮ್ಮೆ ಪೈಸೆಗಳ ಲೆಕ್ಕದಲ್ಲಿ ಸಿಗುವ ಸಣ್ಣ ಕಂಪನಿಗಳ ಷೇರುಗಳಿಗೆ ಪೇಟೆಯಲ್ಲಿ ಪೆನ್ನಿ ಷೇರು ಎಂಬ ಹೆಸರಿದೆ. ಬೆಲೆ ಕಡಿಮೆ ಎಂದ ಮಾತ್ರಕ್ಕೆ ಕಂಪನಿ ಕೆಟ್ಟದ್ದಲ್ಲ. ಆದರೆ ಗುರುತು ಪರಿಚಯ ಇಲ್ಲದವರು ಎಸ್‌ಎಂಎಸ್, ವಾಟ್ಸ್‌ಆ್ಯಪ್, ಟೆಲಿಗ್ರಾಂ ಅಥವಾ ಯೂಟ್ಯೂಬ್ ಮೂಲಕ ‘ಇವತ್ತೇ ಕೊಳ್ಳಿ, ಟಾರ್ಗೆಟ್ ಮೂರು ಪಟ್ಟು’ ಎಂದು ಹೇಳಿಕಳಿಸಿದರೆ, ಆ ಸಂದೇಶವೇ ಎಚ್ಚರಿಕೆಯ ಗಂಟೆ. ಲಕ್ಷಾಂತರ ಜನರಿಗೆ ಸಂದೇಶ ಕಳಿಸಲು ಹಣ ಬೇಕು. ಆ ಹಣ ಸುರಿಯುವವನ ಬಳಿ ಮಾರಬೇಕಾದ ಷೇರುಗಳಿರುತ್ತವೆ. ಅವನಿಗೆ ಬೇಕಿರುವುದು ಕೊಳ್ಳುವವರು.

ಸಣ್ಣ ಷೇರುಗಳೇ ಏಕೆ?

ದೊಡ್ಡ ಕಂಪನಿಯ ಷೇರುಗಳಲ್ಲಿ ದಿನಕ್ಕೆ ನೂರಾರು ಕೋಟಿ ರೂಪಾಯಿಯ ವಹಿವಾಟು ನಡೆಯುತ್ತದೆ. ಅದರ ದರವನ್ನು ನಾಲ್ಕಾರು ಜನ ಸೇರಿ ಅಲುಗಾಡಿಸಲಾರರು. ಸಣ್ಣ ಕಂಪನಿಯಲ್ಲಿ ಹಾಗಲ್ಲ. ಹೆಚ್ಚಿನ ಪಾಲು ಕೆಲವರ ಕೈಯಲ್ಲೇ ಇರುತ್ತದೆ, ದಿನದ ವಹಿವಾಟು ತೀರಾ ಕಡಿಮೆ, ಕಂಪನಿಯ ಬಗ್ಗೆ ಬರೆಯುವ ವಿಶ್ಲೇಷಕರೂ ಇರುವುದಿಲ್ಲ. ಒಳಗಿನವರು ತಮ್ಮತಮ್ಮಲ್ಲೇ ಕೊಟ್ಟು ಕೊಂಡು ದರವನ್ನು ಮೆಲ್ಲಗೆ ಏರಿಸಬಹುದು.

‘ಎರಡು ರೂಪಾಯಿ ನಾಲ್ಕಾಗುವುದು ಏನು ಮಹಾ’ ಎಂಬ ಭ್ರಮೆಯೂ ಇವರಿಗೆ ನೆರವಾಗುತ್ತದೆ. ಎರಡು ನಾಲ್ಕಾಗಬೇಕಾದರೆ ಇಡೀ ಕಂಪನಿಯ ಮೌಲ್ಯವೇ ಇಮ್ಮಡಿಯಾಗಬೇಕು. ಎರಡು ಸಾವಿರ ರೂಪಾಯಿಯ ಷೇರು ನಾಲ್ಕು ಸಾವಿರವಾಗುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ.

ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣ

ಈ ಆಟದ ಪೂರ್ತಿ ನಕ್ಷೆ ಸಾರ್ವಜನಿಕ ದಾಖಲೆಯಲ್ಲಿ ಸಿಗುವುದು ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಟಿ.ವಿ. ಕಂಪನಿಯ ವಿಷಯದಲ್ಲಿ. ಮೊದಲ ಹಂತದಲ್ಲಿ ಪರಸ್ಪರ ಸಂಬಂಧವಿದ್ದವರು ಸಣ್ಣ ಸಣ್ಣ ವಹಿವಾಟುಗಳಿಂದ ದರ ಏರಿಸಿದರು. ನಂತರ 2022ರ ಜುಲೈ ತಿಂಗಳಲ್ಲಿ ಯೂಟ್ಯೂಬ್ ವಿಡಿಯೊಗಳು ಬಂದವು. ಅದಾನಿ ಸಮೂಹ ಈ ಕಂಪನಿಯನ್ನು ಕೊಳ್ಳಲಿದೆ, ನಾಲ್ಕು ಭಕ್ತಿಪ್ರಧಾನ ಚಿತ್ರಗಳಿಗೆ ಅಮೆರಿಕದ ದೊಡ್ಡ ಕಂಪನಿಯೊಂದು 1,100 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದೆ ಎಂದು ಅವು ಸಾರಿದವು. ಎಲ್ಲವೂ ಸುಳ್ಳು. ವಿಡಿಯೊ ಹೆಚ್ಚು ಜನರಿಗೆ ತಲುಪಲೆಂದು ಕೋಟಿಗಟ್ಟಲೆ ಹಣ ತೆತ್ತು ಜಾಹೀರಾತು ಕೊಟ್ಟಿದ್ದರು. ನಂಬಿದ ಸಣ್ಣ ಹೂಡಿಕೆದಾರರು ಮುಗಿಬಿದ್ದು ಕೊಂಡರು. ಅವರಿಗೆ ಮಾರಿದವರಲ್ಲಿ ಕಂಪನಿಯ ಕೆಲವು ಪ್ರವರ್ತಕರೂ ಇದ್ದರು.

ಷೇರು ಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2023ರ ಮಾರ್ಚ್ 2ರಂದು ಮಧ್ಯಂತರ ಆದೇಶ ಹೊರಡಿಸಿತು. 2025ರ ಮೇ ತಿಂಗಳ ಅಂತಿಮ ಆದೇಶದಲ್ಲಿ ಹಲವರಿಗೆ ಪೇಟೆಯಿಂದ ನಿಷೇಧ ವಿಧಿಸಿ, ಸುಮಾರು 58 ಕೋಟಿ ರೂಪಾಯಿಯ ಅಕ್ರಮ ಲಾಭವನ್ನು ಬಡ್ಡಿಸಹಿತ ಹಿಂದಿರುಗಿಸಲು ಹೇಳಿತು. ವಿಡಿಯೊ ಬಂದದ್ದಕ್ಕೂ ಈ ತೀರ್ಮಾನಕ್ಕೂ ನಡುವೆ ಹೆಚ್ಚು ಕಡಿಮೆ ಮೂರು ವರ್ಷ ಕಳೆದಿತ್ತು ಎಂಬುದನ್ನು ಗಮನಿಸಬೇಕು.

ಮಾರಲು ಹೋದಾಗ

‘ಬಿದ್ದರೆ ತಕ್ಷಣ ಮಾರಿ ಹೊರಬಂದರಾಯಿತು’ ಎಂದು ಅನೇಕರು ಧೈರ್ಯ ತಂದುಕೊಳ್ಳುತ್ತಾರೆ. ಈ ಷೇರುಗಳಲ್ಲಿ ಆ ಅವಕಾಶವೇ ಸಿಗದಿರಬಹುದು. ಒಂದು ದಿನದಲ್ಲಿ ದರ ಎಷ್ಟು ಏರಬಹುದು, ಎಷ್ಟು ಇಳಿಯಬಹುದು ಎಂಬುದಕ್ಕೆ ಷೇರು ವಿನಿಮಯ ಕೇಂದ್ರಗಳು ಶೇ 2, 5, 10 ಅಥವಾ 20ರ ಮಿತಿ ಇಟ್ಟಿರುತ್ತವೆ. ಕೆಳಗಿನ ಮಿತಿ ಮುಟ್ಟಿದರೆ ಅದು ಲೋವರ್ ಸರ್ಕ್ಯೂಟ್. ಆಗ ಮಾರುವವರ ಸಾಲು ಉದ್ದಕ್ಕೆ ಬೆಳೆಯುತ್ತದೆ, ಕೊಳ್ಳುವವರು ಒಬ್ಬರೂ ಇರುವುದಿಲ್ಲ. ದರ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಸ್ಟಾಪ್‌ಲಾಸ್ ಆರ್ಡರ್ ಹಾಕಿದ್ದರೂ ಕೊಳ್ಳುವವರಿಲ್ಲದೆ ಅದು ನಡೆಯದು. 10 ರೂಪಾಯಿಯ ಷೇರು ಶೇ 5ರಂತೆ ಹತ್ತು ದಿನ ಸತತವಾಗಿ ಕುಸಿದರೆ ಉಳಿಯುವುದು ಸುಮಾರು 6 ರೂಪಾಯಿ. ಆ ಹತ್ತು ದಿನವೂ ಹೂಡಿಕೆದಾರ ಬೆಳಿಗ್ಗೆ ಆರ್ಡರ್ ಹಾಕಿ ಸಂಜೆಯವರೆಗೆ ಕಾಯುತ್ತಲೇ ಇರುತ್ತಾನೆ. ಮಗಳ ಫೀಸಿಗೆಂದು ಇಟ್ಟ ಹಣ ಹೀಗೆ ಕಣ್ಣೆದುರಿಗೇ ಕರಗುವುದಕ್ಕಿಂತ ಕ್ರೂರವಾದದ್ದು ಪೇಟೆಯಲ್ಲಿ ಇನ್ನೊಂದಿಲ್ಲ.

ಕಾನೂನು

ಸುಳ್ಳು ಸುದ್ದಿ ಹಬ್ಬಿಸಿ ಷೇರು ಕೊಳ್ಳುವಂತೆ ಮಾಡುವುದನ್ನು ಸೆಬಿಯ 2003ರ ವಂಚನೆ ತಡೆ ನಿಯಮಗಳು ನಿಷೇಧಿಸಿವೆ. ದಂಡ 25 ಕೋಟಿ ರೂಪಾಯಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅಲ್ಲಿಯವರೆಗೆ ಹೋಗಬಹುದು. ಹಣ ಪಡೆದು ಷೇರು ಶಿಫಾರಸು ಮಾಡುವವರಿಗೆ ಸೆಬಿ ನೋಂದಣಿ ಕಡ್ಡಾಯ.

ಸಂದೇಶ ಬಂದಾಗ

ಮೊದಲು, ಹೇಳಿದವರ ಹೆಸರನ್ನು ಸೆಬಿ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿ ಹುಡುಕಿ. ಹೂಡಿಕೆ ಸಲಹೆಗಾರರ ನೋಂದಣಿ ಸಂಖ್ಯೆ ‘ಐಎನ್‌ಎ’ ಎಂದೂ ಸಂಶೋಧನಾ ವಿಶ್ಲೇಷಕರದು ‘ಐಎನ್‌ಎಚ್’ ಎಂದೂ ಶುರುವಾಗುತ್ತದೆ. ಸಂಖ್ಯೆ ಕಂಡರೆ ಸಾಲದು, ಬೇರೆಯವರ ಸಂಖ್ಯೆಯನ್ನು ಕದ್ದು ಹಾಕಿಕೊಳ್ಳುವವರಿದ್ದಾರೆ. ಪಟ್ಟಿಯಲ್ಲಿರುವ ಹೆಸರು, ವಿಳಾಸ ತಾಳೆಯಾಗಬೇಕು. ಖಚಿತ ಲಾಭದ ಭರವಸೆ ಕೊಟ್ಟರೆ ಮಾತು ಅಲ್ಲಿಗೇ ಮುಗಿಸಿ.

ಬಳಿಕ ಬಿಎಸ್‌ಇ, ಎನ್‌ಎಸ್‌ಇ ಷೇರು ವಿನಿಮಯ ಕೇಂದ್ರಗಳ ತಾಣಗಳನ್ನು ನೋಡಿ. ಇಂಥ ಸಂದೇಶಗಳು ಹರಿದಾಡುತ್ತಿರುವ ಷೇರುಗಳ ಪಟ್ಟಿಯನ್ನು ಅವು ಪ್ರಕಟಿಸುತ್ತವೆ. ಪ್ರತಿ ತ್ರೈಮಾಸಿಕದ ಷೇರುದಾರರ ವಿವರವೂ ಅಲ್ಲೇ ಸಿಗುತ್ತದೆ: ಪ್ರವರ್ತಕರ ಪಾಲು ಇಳಿದು ಸಣ್ಣ ಹೂಡಿಕೆದಾರರ ಸಂಖ್ಯೆ ದಿಢೀರನೆ ಏರಿದ್ದರೆ ಯಾರು ಯಾರಿಗೆ ಮಾರಿದರು ಎಂದು ಊಹಿಸುವುದು ಕಷ್ಟವಲ್ಲ. ದೊಡ್ಡ ಒಪ್ಪಂದದ ಸುದ್ದಿ ನಿಜವಾಗಿದ್ದರೆ ಕಂಪನಿ ಅದನ್ನು ವಿನಿಮಯ ಕೇಂದ್ರಕ್ಕೆ ತಿಳಿಸಿರಲೇಬೇಕು.

ಸಂದೇಶವನ್ನು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಸೆಬಿಗೆ ದೂರು ಕೊಡಬಹುದು; ನಕಲಿ ಆ್ಯಪ್ ಅಥವಾ ಖಾತೆಗೆ ಹಣ ಕಳಿಸಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರ ಫೋನಿಗೂ ಇಂಥ ಸಂದೇಶ ಬರುತ್ತಿರುತ್ತದೆ, ಅವರಿಗೂ ಇದನ್ನು ಇಂದೇ ತಿಳಿಸಿ.