ಖಾಡಿಯಾಚೆಯ ಯುರೋಪು

ಕಳವಾ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್‌ಗಳು ಮಾತ್ರ ನಿಲ್ಲುತ್ತವೆ. ಕಲ್ಯಾಣದ ಕಡೆಗೆ ಹೋಗುವ ಗಾಡಿ ಹತ್ತಿದರೆ ಮೊದಲು ಮುಂಬ್ರಾ, ಆಮೇಲೆ ದಿವಾ. ದಿವಾದಲ್ಲಿ ಇಳಿದು ವಸಯಿ ಕಡೆಯ ಗಾಡಿ ಹಿಡಿದರೆ ಭಿವಂಡಿ, ಖಾರ್ಬಾವ್, ಕಾಮಣ್ ದಾಟಿ ವಸಯಿ ರೋಡ್ ಬರುತ್ತದೆ. ಅಲ್ಲಿಂದ ಬಸ್ಸಿಗೋ ರಿಕ್ಷಾಕ್ಕೋ ದುಡ್ಡು ಕೊಟ್ಟರೆ ಕೋಟೆಯ ಬಾಗಿಲು. ಮದುವೆ ಗೊತ್ತಾದ ಜೋಡಿಗಳು ಫೋಟೋಗ್ರಾಫರನನ್ನು ಕಟ್ಟಿಕೊಂಡು ಇಲ್ಲಿಗೆ ಬರುತ್ತವೆ. ಮಾಡು ಕುಸಿದ ಇಗರ್ಜಿ, ಕಮಾನಿನ ಕೆಳಗೆ ನೆಲಕ್ಕೆ ಇಳಿಬಿದ್ದ ಗೌನು, ಹಿಂದುಗಡೆ ಗಂಟೆಗೋಪುರ. ಫೋಟೋ ನೋಡಿದವರು ಇದು ಲಿಸ್ಬನ್ನೋ ರೋಮೋ ಎಂದು ಒಂದು ಕ್ಷಣವಾದರೂ ಅಂದುಕೊಳ್ಳಲಿ ಎಂಬುದು ಆಸೆ. ಕೋಲ್ಡ್‌ಪ್ಲೇ ಎಂಬ ಇಂಗ್ಲಿಷ್ ವಾದ್ಯವೃಂದ 2016ರಲ್ಲಿ ಹೊರತಂದ ಹಾಡಿನ ವೀಡಿಯೊದಲ್ಲೂ ಈ ಗೋಡೆಗಳಿವೆ. ಯುರೋಪಿನಿಂದ ಬಂದವರಿಗೆ ಇದು ಭಾರತದಂತೆ ಕಂಡಿತು, ಭಾರತದ ಜೋಡಿಗಳಿಗೆ ಯುರೋಪಿನಂತೆ ಕಾಣುತ್ತದೆ.

ಎರಡೂ ಸುಳ್ಳಲ್ಲ. 1534ರಿಂದ 1739ರವರೆಗೆ, ಇನ್ನೂರೈದು ವರ್ಷ, ವಸಯಿ ಪೋರ್ತುಗೀಸರ ಊರಾಗಿತ್ತು. ಮುಂಬಯಿ ಇನ್ನೂ ತೆಂಗಿನ ತೋಟಗಳ ದ್ವೀಪವಾಗಿದ್ದಾಗ ಇಲ್ಲಿ ಪ್ರಧಾನ ಇಗರ್ಜಿ, ಜೆಸ್ವಿತರ ಕಾಲೇಜು, ನಗರಸಭೆ, ಸೆರೆಮನೆ, ಮಾರುಕಟ್ಟೆ ಚೌಕ ಎಲ್ಲವೂ ಇದ್ದವು. ಗೋವೆಯ ಉತ್ತರಕ್ಕಿದ್ದ ಪೋರ್ತುಗೀಸ್ ನೆಲಕ್ಕೆಲ್ಲ ಇದೇ ರಾಜಧಾನಿ. 'ಉತ್ತರದ ದರ್ಬಾರು' ಎಂದೇ ಅದಕ್ಕೆ ಹೆಸರು.

ರೈಲು ಹುಟ್ಟುವ ಮೊದಲು ಕಳವಾದಿಂದ ಅಲ್ಲಿಗೆ ಹೋಗಲು ದೋಣಿಯೇ ಸಾಕಿತ್ತು. ಸಹ್ಯಾದ್ರಿಯಿಂದ ಇಳಿದು ಕಲ್ಯಾಣವನ್ನು ಬಳಸಿ ಬರುವ ಉಲ್ಹಾಸ್ ನದಿ ಠಾಣೆಯ ಉತ್ತರಕ್ಕೆ ಪಶ್ಚಿಮದತ್ತ ಹೊರಳಿ ವಸಯಿಯ ಬಳಿ ಸಮುದ್ರ ಸೇರುತ್ತದೆ. ಅದರಿಂದ ಕವಲೊಡೆದ ಇನ್ನೊಂದು ನೀರು ದಕ್ಷಿಣಕ್ಕೆ ತಿರುಗಿ, ಠಾಣೆ ಮತ್ತು ಕಳವಾಗಳ ನಡುವೆ ನುಸುಳಿ, ಮುಂಬಯಿಯ ಬಂದರಿಗೆ ಸೇರುತ್ತದೆ. ಈ ಎರಡು ನೀರಿನ ನಡುವೆ ಸಿಕ್ಕಿಕೊಂಡ ನೆಲವೇ ಸಾಷ್ಟಿ ದ್ವೀಪ. ಠಾಣೆ ಆ ದ್ವೀಪದ ಅಂಚು, ಕಳವಾ ಎದುರು ದಡ. ಈ ಭೂಗೋಳ ನೆನಪಿದ್ದರೆ ಮುಂದಿನ ಕಥೆಯ ಅರ್ಧ ತಾನಾಗಿ ತಿಳಿಯುತ್ತದೆ.

ಪೋರ್ತುಗೀಸರಿಗಿಂತ ಬಹಳ ಹಿಂದೆ ಈ ನೀರಿನ ಒಡೆಯರು ಶಿಲಾಹಾರರು. ಕನ್ನಡ ಓದುಗರಿಗೆ ಅವರು ಪೂರಾ ಪರಕೀಯರಲ್ಲ. ರಾಷ್ಟ್ರಕೂಟರ ಸಾಮಂತರಾಗಿ ಕೊಂಕಣ ಆಳಿದ ಇವರ ತಾಮ್ರಶಾಸನಗಳು ಸಂಸ್ಕೃತದಲ್ಲಿವೆ. ಆದರೆ ಅವುಗಳ ನಡುವೆ 'ಮಲಗಲಗಂಡ', 'ನನ್ನಿಸಮುದ್ರ' ಎಂಬ ಕನ್ನಡ ಬಿರುದುಗಳು ಇಣುಕುತ್ತವೆ. ಸಾಷ್ಟಿಯ ಕಾನ್ಹೇರಿ ಗುಹೆಗಳ ಒಂಬತ್ತನೇ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. 'ಕವಿರಾಜಮಾರ್ಗ'ದ ಜೊತೆ ನೆನೆಯುವ ಅದೇ ನೃಪತುಂಗ.

ಠಾಣೆಗೆ ಯುರೋಪಿನವರು ಬಂದು ತೊಂದರೆಗೆ ಸಿಲುಕಿದ ಮೊದಲ ದೊಡ್ಡ ಕಥೆ ಶುರುವಾಗುವುದು ಒಂದು ಗಂಡಹೆಂಡಿರ ಜಗಳದಿಂದ. 1321ರಲ್ಲಿ ಫ್ರಾನ್ಸಿಸ್ಕನ್ ಪಂಥದ ನಾಲ್ವರು ಚೀನಾಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ತಂಗಿದ್ದರು: ತೊಲೆಂತಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ತ್ಬಿಲಿಸಿಯ ದೆಮೆತ್ರಿಯಸ್. ಊರಿನಲ್ಲಿ ಆಗಲೇ ನೆಸ್ಟೋರಿಯನ್ ಕ್ರೈಸ್ತರ ಕೆಲವು ಮನೆಗಳಿದ್ದವು. ಅಂಥದೊಂದು ಮನೆಯಲ್ಲಿ ಬಿಡಾರ. ಒಂದು ಸಂಜೆ ಮನೆಯ ಯಜಮಾನ ಹೆಂಡತಿಗೆ ಹೊಡೆದ. ಬೆಳಗಾದ ಮೇಲೆ ಅವಳು ಖಾಜಿಯ ಬಳಿ ದೂರು ಒಯ್ದಳು. ಸಾಕ್ಷಿ ಯಾರು ಎಂದು ಕೇಳಿದಾಗ, ಮನೆಯಲ್ಲಿ ನಾಲ್ವರು ಫರಂಗಿ ಸಂನ್ಯಾಸಿಗಳಿದ್ದಾರೆ, ಅವರನ್ನೇ ಕೇಳಿ ಎಂದಳು. ಸಾಕ್ಷಿಗೆಂದು ಕರೆಸಿದವರ ಜೊತೆ ಮಾತು ಧರ್ಮದ ವಾದಕ್ಕೆ ತಿರುಗಿತು, ವಾದ ಕೊಲೆಯಲ್ಲಿ ಮುಗಿಯಿತು. ಸ್ವಲ್ಪ ಕಾಲದ ಮೇಲೆ ಬಂದ ಒದೊರಿಕ್ ಎಂಬ ಇತಾಲಿಯ ಪ್ರವಾಸಿ ಅವರ ಎಲುಬುಗಳನ್ನು ಆಯ್ದುಕೊಂಡು ಹಡಗಿನಲ್ಲಿ ಚೀನಾಕ್ಕೆ ಒಯ್ದ. ಕಥೆಯನ್ನು ಹೇಳಿ ಬರೆಸಿದವನೂ ಅವನೇ. ನಾಲ್ವರ ಹೆಸರೂ ಉಳಿದಿದೆ. ಹೊಡೆತ ತಿಂದು ನ್ಯಾಯ ಕೇಳಲು ಹೋದ ಹೆಂಗಸಿನ ಹೆಸರು ಎಲ್ಲೂ ಇಲ್ಲ, ಅವಳ ದೂರು ಏನಾಯಿತೆಂಬ ಮಾತೂ ಇಲ್ಲ.

ಇನ್ನೂರು ವರ್ಷಗಳ ನಂತರ ಫರಂಗಿಗಳು ಸೈನ್ಯ ಸಮೇತ ಬಂದರು. ಗುಜರಾತಿನ ಬಹಾದ್ದೂರ್ ಶಾಹನಿಗೆ ಹುಮಾಯೂನನ ಭಯ ಹಿಡಿದಿತ್ತು. 1534ರ ಡಿಸೆಂಬರ್ 23ರಂದು 'ಸಾವ್ ಮತೇಉಸ್' ಎಂಬ ಹಡಗಿನ ಮೇಲೆ ಒಪ್ಪಂದವಾಗಿ ವಸಯಿ, ಸಾಷ್ಟಿ, ಮುಂಬಯಿ ದ್ವೀಪಗಳು ಪೋರ್ತುಗೀಸರ ಪಾಲಾದವು. ಕಟ್ಟುವ ಕೆಲಸ ಕೂಡಲೇ ಹಿಡಿಯಿತು. ನೆಲದ ಕಡೆಗೊಂದು ಬಾಗಿಲು, ಸಮುದ್ರದ ಕಡೆಗೊಂದು ಬಾಗಿಲು, ಸುತ್ತ ಸಂತರ ಹೆಸರಿನ ಬುರುಜುಗಳು. ಸುಮಾರು 110 ಎಕರೆಯ ಆವರಣ. ವಸಯಿಯ ಕಲ್ಲು, ವಸಯಿಯ ಕಾಡಿನ ಮರ ಎರಡಕ್ಕೂ ಒಳ್ಳೆಯ ಹೆಸರಿತ್ತು. ಕಲ್ಲು ಗೋವೆಯ ಇಗರ್ಜಿಗಳಿಗೂ ಹೋಯಿತು. 1675ರಲ್ಲಿ ಬಂದ ಇಂಗ್ಲಿಷ್ ವೈದ್ಯ ಜಾನ್ ಫ್ರಯರ್ ಆರು ಇಗರ್ಜಿ, ನಾಲ್ಕು ಮಠ, ಎರಡು ಕಾಲೇಜು ಎಣಿಸಿದ. ದೊಡ್ಡ ಮನೆಗಳ ಮುಚ್ಚಿದ ಬಾಲ್ಕನಿಗಳನ್ನೂ, ಎರಡು ಅಂತಸ್ತಿನ ಕಿಟಕಿಗಳಲ್ಲಿ ಗಾಜಿನ ಬದಲು ಕೂರಿಸಿದ್ದ ಸಿಂಪಿಯ ಚಿಪ್ಪುಗಳನ್ನೂ ಅವನು ನೆನೆಯುತ್ತಾನೆ.

ಈ ಊರಿನ ಪೌರತ್ವದ ಲೆಕ್ಕ ಮದುವೆಯ ಮೇಲೆ ನಿಂತಿತ್ತು. ಪೋರ್ತುಗಲ್ಲಿನಿಂದ ಬಂದ ಗಂಡಸು ಮದುವೆಯಾಗುವವರೆಗೆ 'ಸೊಲ್ದಾದೊ', ಅಂದರೆ ರಾಜನ ಸಿಪಾಯಿ. ಮದುವೆಯಾಗಿ ನೆಲೆ ನಿಂತರೆ 'ಕಸಾದೊ'. ಮನೆ, ವ್ಯಾಪಾರ, ನಗರಸಭೆಯಲ್ಲಿ ಮಾತು ಎಲ್ಲವೂ ಕಸಾದೊಗೆ. ಹುಡುಗಿಯರು ಎಲ್ಲಿಂದ ಬರಬೇಕು? ಹಲವರು ಈ ನೆಲದವರೇ, ಸ್ನಾನದೀಕ್ಷೆ ಪಡೆದವರು. ಇನ್ನು ಕೆಲವರು 'ಅರಸನ ಅನಾಥೆಯರು': ರಾಜಸೇವೆಯಲ್ಲಿ ಸತ್ತವರ ಮಕ್ಕಳು, ಸರ್ಕಾರದ ಖರ್ಚಿನಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿಸಿ ಕಳಿಸಿದವರು. ಕೈಹಿಡಿದವನಿಗೆ ಬಳುವಳಿಯಾಗಿ ಒಂದು ಸರ್ಕಾರಿ ಹುದ್ದೆಯೋ ಒಂದು ಹಳ್ಳಿಯೋ ಸಿಗುತ್ತಿತ್ತು. ವಸಯಿ ಸೀಮೆಯ ಹಳ್ಳಿಗಳನ್ನು ಹೀಗೆ ಒಂದೆರಡು, ಮೂರು ತಲೆಮಾರಿನ ಮಟ್ಟಿಗೆ ಗುತ್ತಿಗೆ ಕೊಡುವ ಪದ್ಧತಿಯಿತ್ತು. ಕೆಲವು ಹಳ್ಳಿಗಳು ಹೆಣ್ಣುಮಕ್ಕಳ ಹೆಸರಿಗೇ ಇಳಿದವು, ಪೋರ್ತುಗೀಸನನ್ನೇ ಮದುವೆಯಾಗಬೇಕೆಂಬ ಷರತ್ತಿನೊಂದಿಗೆ. ಭತ್ತ ಬೆಳೆದ ಕುಣಬಿಗೂ ಕೋಳಿಗೂ ತನ್ನ ಊರು ಯಾರ ಮದುವೆಯ ಉಡುಗೊರೆಯಾಯಿತು ಎಂದು ಯಾರೂ ಕೇಳಿ ಹೇಳುತ್ತಿರಲಿಲ್ಲ.

ಅದೇ ಪದ್ಧತಿ ದೊಡ್ಡ ಮಟ್ಟದಲ್ಲಿ ನಡೆದಾಗ ಮುಂಬಯಿ ಕೈಬಿಟ್ಟಿತು. 1661ರ ಒಪ್ಪಂದದಂತೆ ಪೋರ್ತುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ದ್ವೀಪ ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಸೇರಿತು. ವಸಯಿಯ ಜಮೀನುದಾರರು ಕೊಸರಾಡಿದರು, ಗೋವೆಯ ವೈಸರಾಯ್ ತಡಮಾಡಿದ. ಕೊನೆಗೆ 1665ರ ಫೆಬ್ರವರಿ 18ರಂದು ದ್ವೀಪದ ಒಡತಿ ದೋನಾ ಇಗ್ನೇಸ್ ದೆ ಮಿರಾಂದಾಳ ಮನೆಯಲ್ಲಿ ಹಸ್ತಾಂತರದ ಕಾಗದಕ್ಕೆ ಸಹಿ ಬಿತ್ತು. ಇಂಗ್ಲಿಷರ ಕೈಗೆ ಸಿಕ್ಕದ್ದು ಬರೀ ಮುಂಬಯಿ. ಸಾಷ್ಟಿ, ಅಂದರೆ ಠಾಣೆ, ಪೋರ್ತುಗೀಸರಲ್ಲೇ ಉಳಿಯಿತು. ಕಲ್ಯಾಣದಿಂದ ಮುಂಬಯಿಗೆ ಹೋಗುವ ಸರಕಿನ ದೋಣಿ ಠಾಣೆ ಮತ್ತು ಕಳವಾದ ನಡುವಿನ ಕಿರಿದಾದ ನೀರಿನಲ್ಲೇ ಹಾಯಬೇಕು. ಠಾಣೆಯ ಚೌಕಿಯವರು ಅಲ್ಲಿ ಸುಂಕಕ್ಕೆ ಕೈಚಾಚಿದರು, ಇಂಗ್ಲಿಷರು ಬಾಯಿ ಬಡಿದುಕೊಂಡರು. ವರ್ಷಗಟ್ಟಲೆ ಕಾಗದಗಳು ಓಡಾಡಿದವು. ಇಂದು ಕಳವಾ ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಲ್ಲುವ ಜಾಗದಲ್ಲೇ ಆಗ ದೋಣಿಗಳು ನಿಲ್ಲುತ್ತಿದ್ದವು.

ಕೋಟೆಯೊಳಗೆ ರಾತ್ರಿ ಮಲಗುವ ಹಕ್ಕು ಕ್ರೈಸ್ತರಿಗೆ ಮಾತ್ರ. ಹಗಲಿಡೀ ಅಂಗಡಿ ನಡೆಸಿದ ಇಲ್ಲಿಯ ವ್ಯಾಪಾರಿಗಳು ಕತ್ತಲಾಗುತ್ತಲೇ ಬಾಗಿಲ ಹೊರಗೆ ನಡೆಯಬೇಕಿತ್ತು.

ಪ್ರವಾಸಿಗರು ಆಗಲೂ ಬರುತ್ತಿದ್ದರು. ಅವರಲ್ಲಿ ವಿಚಿತ್ರದವನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. 1616ರಲ್ಲಿ ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಮದುವೆಯಾದ. ಇಬ್ಬರೂ ಪರ್ಷಿಯಾ ಸುತ್ತಿದರು, ಭಾರತ ನೋಡಿಕೊಂಡು ರೋಮಿಗೆ ಹೋಗುವ ಯೋಚನೆಯಿತ್ತು. 1621ರ ಕೊನೆಯಲ್ಲಿ ಹೊರ್ಮುಜ್ ಜಲಸಂಧಿಯ ಹತ್ತಿರ ಅವಳು ಜ್ವರದಿಂದ ಸತ್ತಳು. ಅವನು ಹೆಣವನ್ನು ಅಲ್ಲಿ ಹೂಳಲಿಲ್ಲ. ಕೆಡದಂತೆ ಕರ್ಪೂರ ತುಂಬಿಸಿ ಪೆಟ್ಟಿಗೆಯಲ್ಲಿಟ್ಟು, ಸಾಮಾನಿನ ನಡುವೆ ಮರೆಮಾಡಿ, ಸೂರತ್ತಿಗೆ ಬಂದ. 1623ರಲ್ಲಿ ಈ ಕರಾವಳಿಯುದ್ದಕ್ಕೆ ಹಡಗಿನಲ್ಲಿ ಗೋವೆಗೆ ಇಳಿದ. ಅಲ್ಲಿಂದ ವೆಂಕಟಪ್ಪ ನಾಯಕನ ಬಳಿ ಹೊರಟ ಪೋರ್ತುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ದಾರಿಯಾಗಿ ಇಕ್ಕೇರಿಗೆ ಹೋದ. ಇಕ್ಕೇರಿಯ ಬೀದಿಯಲ್ಲಿ ಸಹಗಮನಕ್ಕೆ ಅಣಿಯಾಗಿದ್ದ ಹೆಂಗಸೊಬ್ಬಳನ್ನು ಕಂಡು, ಅವಳ ಮನೆಗೇ ಹೋಗಿ, ಬೇಡವೆಂದು ಬುದ್ಧಿ ಹೇಳಲು ನೋಡಿದ. ಅವಳು ಕೇಳಲಿಲ್ಲ. ಸತ್ತ ಹೆಂಡತಿಯನ್ನು ಹೊತ್ತು ಲೋಕ ಸುತ್ತುತ್ತಿದ್ದವನು, ಸತ್ತ ಗಂಡನ ಹಿಂದೆ ಹೊರಟವಳನ್ನು ತಡೆಯಲು ನಿಂತ ಆ ಮಾತುಕತೆ ಕನ್ನಡ ನಾಡಿನ ಬಗ್ಗೆ ಯುರೋಪಿನವರು ಬರೆದದ್ದರಲ್ಲೇ ಮನಸ್ಸು ಕಲಕುವ ಪುಟಗಳಲ್ಲೊಂದು. ಮಾನಿಯನ್ನು ಕೊನೆಗೆ 1627ರಲ್ಲಿ ರೋಮಿನ ಅರಾಚೇಲಿ ಇಗರ್ಜಿಯಲ್ಲಿ ಹೂಳಿದರು. ಗಂಡ ತೋರಿಸುತ್ತೇನೆಂದ ಊರನ್ನು ಅವಳು ತಲುಪಿದ್ದು ಹಾಗೆ.

1695ರಲ್ಲಿ ಬಂದ ನೇಪಲ್ಸಿನ ವಕೀಲ ಜೆಮೆಲ್ಲಿ ಕರೇರಿ ಬೇರೆ ಜಾತಿಯವನು. ಕುತೂಹಲಕ್ಕೆಂದೇ ಭೂಮಿ ಸುತ್ತಿದವನು. ವಸಯಿಯಲ್ಲಿ ಉಳಿದುಕೊಂಡು ಕಾನ್ಹೇರಿ ಗುಹೆ ನೋಡಲು ಹೋದ, ನೋಡಿದ್ದನ್ನು ವಿವರವಾಗಿ ಬರೆದ. ಗೋಡೆಯ ಮೇಲಿನ ಅಕ್ಷರಗಳಲ್ಲಿ ಅಮೋಘವರ್ಷನ ಹೆಸರಿದೆಯೆಂದು ಅವನಿಗೆ ತಿಳಿಯುವ ಹಾಗಿರಲಿಲ್ಲ. ವಸಯಿಯ ಬಗ್ಗೆ ಅವನು ಬರೆದದ್ದರಲ್ಲಿ ಅಶುಭದ ನೆರಳಿದೆ. ಪ್ಲೇಗು ಬಡಿದು ಊರಿನ ಮೂರರಲ್ಲೊಂದು ಪಾಲು ಖಾಲಿಯಾಗಿತ್ತು. ಸಿರಿವಂತರು ಕೋಟೆಯಾಚೆ ಕಬ್ಬು, ಹಣ್ಣುಗಳ ತೋಟಗಳಲ್ಲಿ ಹೊತ್ತು ಕಳೆಯುತ್ತಿದ್ದರು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1674ರಲ್ಲಿ, ಮಸ್ಕತ್ತಿನಿಂದ ಬಂದ ಆರುನೂರು ಅರಬರು ಗೋಡೆಯ ಹೊರಗಿನ ಇಗರ್ಜಿಗಳನ್ನು ದೋಚುವಾಗ ಒಳಗಿನ ಪಡೆ ಹೊರಗೆ ಬರಲಿಲ್ಲ.

ಕೊನೆಯ ಪೆಟ್ಟು ಬಂದದ್ದು ಎದುರು ದಡದಿಂದ. ದಿವಾ–ವಸಯಿ ಗಾಡಿ ಭಿವಂಡಿಯಲ್ಲಿ ನಿಂತಾಗ ಹತ್ತಿರದಲ್ಲೇ ಅಂಜೂರ್ ಫಾಟಾ. ಆ ಅಂಜೂರಿನ ಗಂಗಾಜಿ ನಾಯಕ್ ಮತ್ತು ಅವನ ಸೋದರರು, ಸಾಷ್ಟಿಯಲ್ಲಿ ಹಿಂದೂ ಆಚರಣೆಗಳಿಗೆ ಬಿದ್ದ ಕಟ್ಟುಪಾಡಿನಿಂದ ಬೇಸತ್ತು, ಪೇಶ್ವೆಯ ಬಾಗಿಲು ಬಡಿದವರು. 1737ರಲ್ಲಿ ಮರಾಠರು ಖಾಡಿ ದಾಟಿ ಠಾಣೆಯ ಮೇಲೆ ಬಿದ್ದರು. ಅಲ್ಲಿ ಪೋರ್ತುಗೀಸರು 1730ರಲ್ಲಿ ಶುರುಮಾಡಿದ ಕೋಟೆ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಠಾಣೆ ಬೇಗ ಬಿದ್ದಿತು, ವಸಯಿ ಬೀಳಲಿಲ್ಲ. ಬಾಜಿರಾಯನ ತಮ್ಮ ಚಿಮಾಜಿ ಅಪ್ಪಾ ಮುತ್ತಿಗೆ ಹಾಕಿ ಗೋಡೆಯ ಬುಡಕ್ಕೆ ಸುರಂಗ ತೋಡಿಸಿ ಮದ್ದು ತುಂಬಿಸಿದ. ಒಳಗಿನವರು ಇಗರ್ಜಿಯ ಬೆಳ್ಳಿಯನ್ನೂ ಹಿತ್ತಾಳೆ ತೋಪುಗಳನ್ನೂ ಅಡವಿಟ್ಟು ಮುಂಬಯಿಯ ಇಂಗ್ಲಿಷರಿಂದ ಹದಿನೈದು ಸಾವಿರ ರೂಪಾಯಿ ಸಾಲ ತಂದರು. ಬಳುವಳಿ ಪಡೆದ ಬೀಗರಿಂದ ದೊಡ್ಡ ನೆರವೇನೂ ಸಿಗಲಿಲ್ಲ.

1739ರ ಮೇ ತಿಂಗಳಲ್ಲಿ ಸಂತ ಸೆಬಾಸ್ಟಿಯನ್ನನ ಬುರುಜು ಸಿಡಿದ ಮೇಲೆ ಶರಣಾಗತಿಯ ಕರಾರು ಬರೆಯಲಾಯಿತು. ಮರಾಠರು ತಮ್ಮ ಕಡೆಯ ನಷ್ಟವನ್ನು ಐದು ಸಾವಿರಕ್ಕೂ ಮೇಲೆಂದು ಒಪ್ಪಿದರು. ಎದುರಾಳಿಗಳದು ಎಂಟುನೂರರ ಆಸುಪಾಸು. ಇಷ್ಟು ರಕ್ತ ಹರಿದ ಮೇಲೂ ಕರಾರು ಮೃದುವಾಗಿತ್ತು. ಸೈನಿಕರು ನಗಾರಿ ಬಾರಿಸುತ್ತ, ಬಾವುಟ ಹಿಡಿದು ಹೊರಡಬಹುದು. ಕುಟುಂಬಗಳು ಸಾಮಾನು ಸಮೇತ ಹೋಗಬಹುದು. ಉಳಿಯುವವರು ತಮ್ಮ ಧರ್ಮದಲ್ಲೇ ಉಳಿಯಬಹುದು; ಅವರಿಗಾಗಿ ಮೂರು ಇಗರ್ಜಿಗಳು. ಕಸಾದೊ ಮನೆತನಗಳು ಎಂಟು ದಿನದಲ್ಲಿ ಇನ್ನೂರು ವರ್ಷದ ಸಂಸಾರ ಕಟ್ಟಿದವು. ಸೆರೆಸಿಕ್ಕ ಪೋರ್ತುಗೀಸ್ ಹೆಂಗಸೊಬ್ಬಳನ್ನು ಚಿಮಾಜಿ ಅಪ್ಪಾ ಗೌರವದಿಂದ ಹಿಂದೆ ಕಳಿಸಿದ ಎಂಬ ಕಥೆಯನ್ನು ವಸಯಿಯಲ್ಲಿ ಈಗಲೂ ಹೇಳುತ್ತಾರೆ. ಶಿವಾಜಿ ಮತ್ತು ಕಲ್ಯಾಣದ ಸುಭೇದಾರನ ಸೊಸೆಯ ಕಥೆಗೆ ಅದು ತೀರಾ ಹತ್ತಿರವಿದೆ. ಜನ ತಮ್ಮ ವೀರರಲ್ಲಿ ಏನನ್ನು ಕಾಣಬಯಸಿದರು ಎಂಬುದಕ್ಕೆ ಮಾತ್ರ ಎರಡೂ ಸಾಕ್ಷಿ.

ಗಂಟೆಗಳನ್ನು ಗೆದ್ದವರು ಒಯ್ದರು. ನಾಸಿಕದ ನಾರೋಶಂಕರ ದೇವಾಲಯದಲ್ಲಿ ತೂಗುವ ಗಂಟೆಯ ಮೇಲೆ 1721 ಎಂದಿದೆ. ವಾಯಿಯ ಹತ್ತಿರ ಮೇಣವಲಿಯ ಹೊಳೆದಂಡೆಯ ಗಂಟೆ 1707ರದು. ಇಗರ್ಜಿಗಳ ಮಾಡು ಮಳೆಗೆ ಬಿದ್ದಿತು. ಹೊರಡದೆ ಉಳಿದವರು ಮಾತ್ರ ಬೀಳಲಿಲ್ಲ. ಹೊರಟವರು ಬಹುಪಾಲು ಕೋಟೆಯೊಳಗಿನ ಒಡೆಯರು. ಉಳಿದವರು ಸುತ್ತಣ ಹಳ್ಳಿಗಳ ಕ್ರೈಸ್ತ ಒಕ್ಕಲಿಗರು, ಮೀನುಗಾರರು. ಅವರ ಮನೆಮಾತು ಪೋರ್ತುಗೀಸ್ ಆಗಲೇ ಇಲ್ಲ. ಬಾಳೆ, ವೀಳ್ಯದೆಲೆ ಬೆಳೆಯುವ ಕುಪಾರಿ ಜನ ಇಂದಿಗೂ ಸಾಮವೇದಿ ಎಂಬ ತಮ್ಮದೇ ನುಡಿಯಾಡುತ್ತಾರೆ. ಬೈಬಲನ್ನು ಮರಾಠಿಗೆ ತಂದ ಪಾದ್ರಿ ಫ್ರಾನ್ಸಿಸ್ ದಿಬ್ರಿಟೊ ವಸಯಿಯವರು. 2020ರಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕಳವಾ, ಠಾಣೆಯ ಕಡೆ ಹೋಟೆಲು ನಡೆಸಿದ ಕರಾವಳಿಯ ಕನ್ನಡಿಗರಿಗೆ ಈ ಬಗೆಯ ಬಾಳು ಹೊಸದಲ್ಲ. ಅವರ ಊರಲ್ಲೂ ಇಗರ್ಜಿ, ಪಾದ್ರಿ, ಬಟಾಟೆ, ಜನೇಲು ಎಂಬ ಪೋರ್ತುಗೀಸ್ ಮಾತುಗಳು ಉಳಿದಿವೆ, ಆಳಿದವರು ಹೋಗಿದ್ದಾರೆ.

ಠಾಣೆಯ ಆ ಅರೆಬರೆ ಕೋಟೆಯನ್ನು ಮರಾಠರು ಮುಗಿಸಿದರು, 1774ರ ಡಿಸೆಂಬರಿನಲ್ಲಿ ಇಂಗ್ಲಿಷರು ಕಿತ್ತುಕೊಂಡರು, ಆಮೇಲೆ ಸೆರೆಮನೆ ಮಾಡಿದರು. ನಾಸಿಕದ ಕಲೆಕ್ಟರ್ ಜ್ಯಾಕ್ಸನ್ನನನ್ನು ಕೊಂದ ಅನಂತ ಕಾನ್ಹೇರೆಯನ್ನೂ ಅವನ ಇಬ್ಬರು ಸಂಗಡಿಗರನ್ನೂ 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದು ಅಲ್ಲಿ. ಇಂದಿಗೂ ಅದು ಠಾಣೆಯ ಸೆಂಟ್ರಲ್ ಜೈಲು. ಕಳವಾದಿಂದ ಸೇತುವೆ ದಾಟಿ ಠಾಣೆಗೆ ಹೋಗುವವರು ಅದರ ಗೋಡೆಯ ಪಕ್ಕದಲ್ಲೇ ಹಾಯುತ್ತಾರೆ. ಅಲ್ಲಿ ಫೋಟೋ ತೆಗೆಯಲು ಯಾರೂ ನಿಲ್ಲುವುದಿಲ್ಲ, ನಿಂತರೆ ಪೊಲೀಸರು ಬಿಡುವುದೂ ಇಲ್ಲ.